ರದ್ದಿಗೆ ಹಾಕುವ ಮೊದಲು: ಮಗಳ ಬರವಣಿಗೆಯಲ್ಲಿ ಏನು ಉಳಿಸಬೇಕು, ಹೇಗೆ ಬೆಳೆಸಬೇಕು

ಪ್ರಶ್ನೆ: ನಮ್ಮ ಮಗಳು ಈ ಸಲ ಎಂಟನೇತ್ತ ಮುಗಿಸ್ಯಾಳ್ರಿ. ಪ್ರತಿ ವರ್ಷ ಪರೀಕ್ಷಾ ಮುಗದ ಮ್ಯಾಲೆ ನೋಟಬುಕ್ಕೆಲ್ಲ ರದ್ದಿಗೆ ಹಾಕ್ತೀವಿ, ಈ ವರ್ಷಾನೂ ಹಾಕಿದ್ವಿ. ಅದರಾಗ ಅಕಿ ಎಳ್ಳ ಅಮಾಸಿ ಬಗ್ಗೆ ಬರದಿದ್ದ ಪ್ರಬಂಧ ಇತ್ತಂತ, ಕನ್ನಡ ಅಕ್ಕೋರು ‘ಭಾಳ ಚಂದ ಬರದೀ’ ಅಂದಿದ್ರಂತ. ಅದು ಹೋತಂತ ಎರಡು ದಿವಸ ಸರಿಯಾಗಿ ಉಣಲಿಲ್ಲ. ಮುಂದಿನ ವರ್ಷದ್ದರೆ ಜ್ವಾಕಿ ಮಾಡೂಣಂತ. ಏನು ಇಡಬೇಕು, ಹೆಂಗ ಇಡಬೇಕು? ಮತ್ತ ಅಕಿ ಬರಿಯೂದು ಸುಧಾರಸಬೇಕಂದ್ರ ಏನು ಮಾಡಬೇಕು? ಗೈಡ್ ನೋಡಿ ಬರದ್ರ ಮಾರ್ಕ್ಸ್ ಬರ್ತಾವ. ತಾನ ಬರದ್ರ ನಮ್ಮ ಕಡೆ ಮಾತು ಬರ್ತಾವಂತ ಕೆಂಪು ಗೆರಿ ಬೀಳ್ತಾವ. ನಾ ಐದನೇತ್ತ ತನಕ ಅಷ್ಟ ಕಲತೀನಿ.
— ಒಬ್ಬ ತಾಯಿ, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಒಂದಕ್ಷರ ತಿದ್ದದೆ ನೀವು ಬರೆದ ಹಾಗೇ ಕೊಟ್ಟಿದ್ದೇವೆ. ಐದನೇ ತರಗತಿವರೆಗೆ ಕಲಿತವರು ಬರೆದ ಈ ಹತ್ತು ಹನ್ನೆರಡು ಸಾಲಿನಲ್ಲಿ ಬೇಡದ್ದು ಒಂದೂ ಇಲ್ಲ. ಮಗಳಿಗೆ ಬರವಣಿಗೆ ಎಲ್ಲಿಂದ ಬಂದಿದೆ ಎಂದು ಹುಡುಕಬೇಕಾಗಿಲ್ಲ.

ಅವಳು ಎರಡು ದಿನ ಉಣ್ಣದೆ ಇದ್ದದ್ದನ್ನು ಹಟ ಎಂದುಕೊಳ್ಳಬೇಡಿ. ತಾನು ಮಾಡಿದ್ದರಲ್ಲಿ ಯಾವುದು ಒಳ್ಳೆಯದು ಎಂದು ಅವಳಿಗೆ ಗೊತ್ತಾಗಿತ್ತು. ಬರೆಯಲು ಕಲಿಯುವವರಿಗೆ ಅತಿ ಕಷ್ಟದಿಂದ ಬರುವ ತಿಳಿವಳಿಕೆ ಅದು. ಹೊಗಳಿದರೆ ದೃಷ್ಟಿ ತಾಗುತ್ತದೆ, ಹುಡುಗಿ ಸೊಕ್ಕುತ್ತಾಳೆ ಎಂಬ ಅಂಜಿಕೆ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಆದರೆ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವ ಶಾಸನವನ್ನು ಬರೆದ ಕವಿ ರವಿಕೀರ್ತಿ ಕೊನೆಗೆ ತನ್ನ ಹೆಸರನ್ನೂ ಹಾಕಿದ. ಕಾಳಿದಾಸ, ಭಾರವಿಯರಿಗೆ ಬಂದ ಕೀರ್ತಿ ತನ್ನ ಕಾವ್ಯದಿಂದ ತನಗೂ ಬಂದಿದೆ ಎಂದು ಕಲ್ಲಿನಲ್ಲೇ ಹೇಳಿಕೊಂಡ. ಕಾಲವನ್ನೂ ಬರೆದ: ಶಕವರ್ಷ 556, ಅಂದರೆ ಕ್ರಿ.ಶ. 634. ಅವನು ಹಾಗೆ ಹೆಸರು ಎತ್ತಿ, ವರ್ಷ ಹಾಕಿದ್ದರಿಂದಲೇ ಕಾಳಿದಾಸ 634ಕ್ಕಿಂತ ಈಚಿನವನಲ್ಲ ಎಂದು ಇಂದು ವಿದ್ವಾಂಸರು ಖಚಿತವಾಗಿ ಹೇಳುತ್ತಾರೆ. ಒಳ್ಳೆಯದಾಗಿ ಮಾಡಿದ ಕೆಲಸಕ್ಕೆ ಹೆಸರು ಮತ್ತು ತಾರೀಖು ಹಾಕುವುದು ನಮ್ಮ ನೆಲಕ್ಕೆ ಹೊಸದಲ್ಲ. ಮಗಳಿಗೆ ಮೊದಲು ಕಲಿಸಬೇಕಾದದ್ದೂ ಅದೇ: ಯಾವುದೇ ಬರಹದ ಬಲ ಮೂಲೆಯಲ್ಲಿ ತಾರೀಖು, ತರಗತಿ, ಹೆಸರು. ತಾರೀಖಿಲ್ಲದ ಕಾಗದ ಮೂರು ವರ್ಷದ ನಂತರ ಏನನ್ನೂ ಹೇಳುವುದಿಲ್ಲ.

ಈಗ ಏನು ಇಡಬೇಕು ಎಂಬ ಮಾತು. ಎಲ್ಲವನ್ನೂ ಇಡಬೇಡಿ. ಎಲ್ಲ ನೋಟ್‌ಬುಕ್ಕೂ ಕಟ್ಟಿಟ್ಟರೆ ಎರಡು ವರ್ಷಕ್ಕೆ ಒಂದು ಮೂಟೆಯಾಗುತ್ತದೆ. ಮೂಟೆಯನ್ನು ಯಾರೂ ಬಿಚ್ಚುವುದಿಲ್ಲ, ಮೂರನೆಯ ವರ್ಷ ಅದೂ ರದ್ದಿಗೇ ಹೋಗುತ್ತದೆ. ವರ್ಷಕ್ಕೆ ಆರು ಕೆಲಸ ಸಾಕು. ನಾಲ್ಕನ್ನು ಅವಳೇ ಆರಿಸಲಿ, ಒಂದನ್ನು ಅಕ್ಕೋರು ಆರಿಸಲಿ, ಒಂದನ್ನು ನೀವು. ನಿಮ್ಮದನ್ನು ಹೇಗೆ ಆರಿಸುವುದೆಂದರೆ, ಅವಳು ಒಂದೊಂದಾಗಿ ಗಟ್ಟಿಯಾಗಿ ಓದಿ ಹೇಳಲಿ. ಯಾವುದನ್ನು ಕೇಳುವಾಗ ನಿಮ್ಮ ಕೈಯ ಕೆಲಸ ನಿಂತಿತೋ ಅದು. ಆರೂ ಕನ್ನಡದ್ದೇ ಆಗಬೇಕಿಲ್ಲ. ವಿಜ್ಞಾನದ ಪ್ರಯೋಗದ ಬರಹ, ಸಮಾಜ ವಿಜ್ಞಾನದಲ್ಲಿ ಬಿಡಿಸಿದ ಕೃಷ್ಣಾ ನದಿಯ ನಕ್ಷೆ, ಎರಡು ಸಲ ತಪ್ಪಿ ಮೂರನೆಯ ಸಲ ಬಿಡಿಸಿದ ಗಣಿತದ ಲೆಕ್ಕ, ಎಲ್ಲಕ್ಕೂ ಜಾಗವಿದೆ. ಆ ಲೆಕ್ಕದಲ್ಲಿ ತಪ್ಪಿದ ಎರಡು ಪ್ರಯತ್ನಗಳನ್ನು ಅಳಿಸಬಾರದು, ಅಷ್ಟೇ.

ಮಾರ್ಕ್ಸ್ ಹೆಚ್ಚು ಬಂದದ್ದೇ ಒಳ್ಳೆಯದು ಎಂಬ ಅಳತೆಯನ್ನು ಇಲ್ಲಿ ಬದಿಗಿಡಿ. ಗೈಡಿನಿಂದ ಇಳಿಸಿದ ಪ್ರಬಂಧಕ್ಕೆ ಬಹುಮಾನ ಬಂದಿದ್ದರೂ ಅದು ಈ ಕಡತಕ್ಕೆ ಬೇಡ, ಪ್ರಮಾಣಪತ್ರವನ್ನು ಬೇರೆ ಇಡಿ. ಪರರ ಸಾಲನ್ನು ತನ್ನದೆಂದು ಇಟ್ಟುಕೊಂಡ ಮಗುವಿಗೆ ತನ್ನ ಸಾಲು ಯಾವುದು ಎಂಬುದೇ ಮರೆಯುತ್ತದೆ.

ಆರಿಸಿದ ಪ್ರತಿಯೊಂದಕ್ಕೂ ಅರ್ಧ ಪುಟದ ಒಂದು ಚೀಟಿ ಬರೆಸಿ, ಅದರ ಜೊತೆಗೇ ಹೊಲಿಯಿರಿ. ಚೀಟಿಯಲ್ಲಿ ಮೂರು ಮಾತು: ಇದನ್ನೇ ಯಾಕೆ ಆರಿಸಿದೆ, ಬರೆಯುವಾಗ ಎಲ್ಲಿ ಸಿಕ್ಕಿಕೊಂಡೆ, ಇನ್ನೊಮ್ಮೆ ಬರೆದರೆ ಏನು ಬದಲಿಸುತ್ತೇನೆ. ಮಕ್ಕಳು ಮೊದಲ ಸಲ ‘ಚೆನ್ನಾಗಿ ಬಂದಿದೆ, ಅದಕ್ಕೆ’ ಎಂದು ಬರೆಯುತ್ತಾರೆ. ಅದನ್ನು ಒಪ್ಪಬೇಡಿ, ಬೈಯಲೂಬೇಡಿ. ‘ಯಾವ ಸಾಲು? ಬಟ್ಟು ಇಟ್ಟು ತೋರಸು’ ಎನ್ನಿ. ಬೆರಳು ಒಂದು ಸಾಲಿನ ಮೇಲೆ ನಿಂತಾಗ ಕಾರಣ ತಾನಾಗಿ ಹೊರಗೆ ಬರುತ್ತದೆ. ಈ ಚೀಟಿಯೇ ಮುಂದಿನ ಬರಹಕ್ಕೆ ಅವಳ ಮೊದಲ ಪಾಠ. ಹಾಗಾಗಿ ಜ್ವಾಕಿ ಮಾಡುವುದು ಹೇಗೆ, ಸುಧಾರಿಸುವುದು ಹೇಗೆ ಎಂದು ನೀವು ಕೇಳಿದ ಎರಡೂ ಪ್ರಶ್ನೆಗಳಿಗೆ ಉತ್ತರ ಇಲ್ಲಿಂದಲೇ ಶುರು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸಾಫ್ ಬರೆದ ಪ್ರತಿಯನ್ನು ಇಟ್ಟು ಕಚ್ಚಾ ಪ್ರತಿಯನ್ನು ಹರಿದು ಒಗೆಯುವುದು ಎಲ್ಲ ಮನೆಯಲ್ಲೂ ನಡೆಯುವ ತಪ್ಪು. ಸಾಫ್ ಪ್ರತಿ ಒಂದೇ ಇದ್ದರೆ ಅದು ಆಕಾಶದಿಂದ ಬಿದ್ದಂತೆ ಕಾಣುತ್ತದೆ, ಮುಂದೊಮ್ಮೆ ಬರೆಯಲು ಕುಳಿತು ಮೊದಲ ಸಾಲು ಕೆಟ್ಟಾಗ ಹುಡುಗಿಗೆ ‘ನನಗೆ ಈಗ ಬರುವುದಿಲ್ಲ’ ಎನಿಸುತ್ತದೆ. ಕಚ್ಚಾ ಪ್ರತಿ ಪಕ್ಕದಲ್ಲಿದ್ದರೆ, ಆ ಒಳ್ಳೆಯ ಪ್ರಬಂಧವೂ ಹೊಡೆದು, ಬಾಣ ಹಾಕಿ, ಮತ್ತೆ ಬರೆದು ಹುಟ್ಟಿದ್ದು ಎಂದು ಕಣ್ಣಿಗೇ ಕಾಣುತ್ತದೆ. ಎರಡನ್ನೂ ಇಡಿ, ಕಚ್ಚಾ ಕೆಳಗೆ, ಸಾಫ್ ಮೇಲೆ. ತಪ್ಪಾದ ಮಾತಿನ ಮೇಲೆ ಒಂದೇ ಗೆರೆ ಎಳೆಯಲು ಹೇಳಿ. ಪೂರ್ತಿ ಮಸಿ ಬಳಿದರೆ, ವೈಟ್ನರ್ ಹಚ್ಚಿದರೆ ಮೊದಲು ಏನಿತ್ತು ಎಂಬುದು ಹೋಗುತ್ತದೆ.

ಶಾಲೆಯಲ್ಲೂ ‘ಕೃತಿ ಸಂಪುಟ’ ಎಂದು ಮಕ್ಕಳ ಕೆಲಸವನ್ನು ಕಡತ ಮಾಡಿಸುತ್ತಾರೆ. ವರ್ಷದ ಕೊನೆಗೆ ಅದು ಎಲ್ಲಿ ಹೋಗುತ್ತದೆ ಎಂದು ಕೇಳಿ. ಪರಿಶೀಲನೆ ಮುಗಿದಿದ್ದರೆ ಮಗಳದ್ದನ್ನು ಮರಳಿ ಕೊಡುವಂತೆ ಮಾರ್ಚ್‌ನಲ್ಲೇ ಅಕ್ಕೋರಿಗೆ ಹೇಳಿಡಿ. ಮೂಲ ಕೊಡಲು ಆಗದಿದ್ದರೆ ಫೋಟೋ ತೆಗೆದುಕೊಳ್ಳಲು ಅನುಮತಿ ಕೇಳಿ.

ಇಡುವ ಬಗೆ ದುಬಾರಿಯದಲ್ಲ, ಆದರೆ ಕೆಲವು ತಪ್ಪುಗಳು ಕಾಗದವನ್ನೇ ತಿನ್ನುತ್ತವೆ. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದರೆ, ನಡುವೆ ಮಡಿಚಿದ ಅದರ ಜೋಡಿ ಹಾಳೆಯೂ ಸಡಿಲಾಗಿ ಬೀಳುತ್ತದೆ. ಆದ್ದರಿಂದ ನಡುವಿನ ಪಿನ್ನು ಬಿಚ್ಚಿ ಜೋಡಿ ಹಾಳೆಯನ್ನೇ ಹೊರಗೆ ತೆಗೆಯಿರಿ. ಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ, ಅದರ ಬದಲು ಹತ್ತಿಯ ದಪ್ಪ ದಾರದಿಂದ ಹೊಲಿಯಿರಿ. ಮಡಿಕೆಯ ಗೆರೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಸೂಜಿಯನ್ನು ಒಳಗಿನಿಂದ ನಡು ತೂತಿನಲ್ಲಿ ಹೊರಗೆ ಹಾಕಿ, ಮೇಲಿನ ತೂತಿನಲ್ಲಿ ಒಳಗೆ ತನ್ನಿ. ಒಳಗೇ ನಡು ತೂತನ್ನು ದಾಟಿ ಕೆಳಗಿನ ತೂತಿನಲ್ಲಿ ಹೊರಗೆ ಹಾಕಿ, ಮತ್ತೆ ನಡು ತೂತಿನಲ್ಲಿ ಒಳಗೆ ತಂದು, ಒಳಗಿರುವ ಉದ್ದ ದಾರದ ಎರಡು ಮಗ್ಗುಲಿಗೆ ಎರಡು ತುದಿ ಬರುವಂತೆ ಗಂಟು ಹಾಕಿ. ರವಿಕೆ ಹೊಲಿಯುವ ಕೈಗೆ ಐದು ನಿಮಿಷದ ಕೆಲಸ. ಬಿಡಿ ಹಾಳೆಗಳಿಗಾದರೆ ಎರಡು ತೂತಿನ ಫೈಲು ಮತ್ತು ದಾರದ ಟ್ಯಾಗ್ ಸಾಕು. ಎಡಗಡೆ ಎರಡು ಬೆರಳು ಜಾಗ ಬಿಟ್ಟು ಬರೆಯುವ ರೂಢಿ ಇದ್ದರೆ ತೂತು ಅಕ್ಷರದ ಮೇಲೆ ಬೀಳುವುದಿಲ್ಲ.

ಲ್ಯಾಮಿನೇಶನ್ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ಬಿಡಿಸಲಾಗದು, ಚೀಟಿ ಹೊಲಿಯಲೂ ಆಗದು. ಸೆಲೋಟೇಪಿನ ಅಂಟು ನಾಲ್ಕಾರು ವರ್ಷಕ್ಕೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಹೊಳೆಯುವ ಅಗ್ಗದ ಪ್ಲಾಸ್ಟಿಕ್ ಕವರಿನಲ್ಲಿ ಝೆರಾಕ್ಸ್ ಪ್ರತಿ ಇಟ್ಟರೆ ಬೇಸಿಗೆಯ ಬಿಸಿಗೆ ಅಕ್ಷರ ಕವರಿಗೇ ಅಂಟುತ್ತದೆ. ಶಾಯಿಯ ಪೆನ್ನು, ಹಲವು ಜೆಲ್ ಪೆನ್ನುಗಳ ಬರಹ ಒಂದು ಹನಿ ನೀರಿಗೆ ಹರಡುತ್ತದೆ, ಬಾಲ್‌ಪೆನ್ ಹಾಗೂ ಪೆನ್ಸಿಲ್ ಬರಹ ತಾಳುತ್ತದೆ. ಮಣ್ಣಿನ ಮಾಳಿಗೆಯ ಮನೆಯಾದರೆ ಮೇಲಿಂದ ದೂಳು, ಕೆಳಗಿಂದ ಗೆದ್ದಲು, ಎರಡೂ ಇವೆ. ಫೈಲನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಡಿ. ಟ್ರಂಕನ್ನು ನಾಲ್ಕು ಇಟ್ಟಂಗಿಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬೇವಿನ ಎಲೆ ಹಾಕುವುದಾದರೆ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿರಬೇಕು, ಹಸಿ ಎಲೆಯ ತೇವದಿಂದ ಕಾಗದಕ್ಕೆ ಬೂಸಲು ಬರುತ್ತದೆ. ಮೊಬೈಲಿನಲ್ಲಿ ಒಂದೊಂದು ಫೋಟೋವನ್ನೂ ತೆಗೆದಿಡಿ: ಹಗಲು ಬಾಗಿಲ ಬಳಿ, ಫ್ಲ್ಯಾಶ್ ಇಲ್ಲದೆ, ಪುಟದ ನಾಲ್ಕೂ ಮೂಲೆ ಕಾಣುವ ಹಾಗೆ. ಸ್ಟೇಟಸ್‌ಗೆ ಹಾಕುವ ಮೊದಲು ಮಾತ್ರ ಅವಳನ್ನು ಕೇಳಿ. ಅದು ಅವಳ ಬರಹ.

ಇನ್ನು ಗೈಡು. ಗೈಡಿನಿಂದ ಕಲಿಯುವುದು ಇದೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಕಟ್ಟು. ಹತ್ತನೇ ತರಗತಿಯಲ್ಲಿ ಪ್ರಬಂಧ, ಪತ್ರ, ಗಾದೆಯ ವಿಸ್ತರಣೆ ಬರೆಯುವಾಗ ಆ ಕಟ್ಟು ಬೇಕಾಗುತ್ತದೆ. ಕಟ್ಟು ತೆಗೆದುಕೊಳ್ಳಲಿ, ಸಾಲು ತೆಗೆದುಕೊಳ್ಳಬಾರದು. ಯಾವ ಸಾಲು ಗೈಡಿನದು ಎಂದು ಪತ್ತೆ ಹಚ್ಚಲು ಸುಲಭದ ಪರೀಕ್ಷೆ ಇದೆ, ಓದು ಕಡಿಮೆ ಇದ್ದವರೂ ಮಾಡಬಹುದು. ‘ಎಳ್ಳ ಅಮಾವಾಸ್ಯೆಯು ನಮ್ಮ ನಾಡಿನ ಪ್ರಮುಖ ಹಬ್ಬಗಳಲ್ಲಿ ಒಂದಾಗಿದೆ. ಇದನ್ನು ಸಂಭ್ರಮ ಸಡಗರದಿಂದ ಆಚರಿಸಲಾಗುತ್ತದೆ’ ಎಂಬ ಸಾಲು ತೆಗೆದುಕೊಳ್ಳಿ. ಎಳ್ಳ ಅಮಾವಾಸ್ಯೆ ತೆಗೆದು ಅಲ್ಲಿ ನಾಗರ ಪಂಚಮಿ ಹಾಕಿ, ದೀಪಾವಳಿ ಹಾಕಿ. ಸಾಲು ಅಲುಗುವುದೇ ಇಲ್ಲ. ಹೆಸರು ಬದಲಿಸಿದರೂ ನಿಲ್ಲುವ ಸಾಲು ಆ ವಿಷಯದ್ದಲ್ಲ, ಬರೆದವರದ್ದೂ ಅಲ್ಲ. ಒಂದು ಪ್ರಬಂಧದಲ್ಲಿ ಅಂಥವು ಎರಡು ಇದ್ದರೆ ನಡೆದೀತು, ಹತ್ತು ಇದ್ದರೆ ಮತ್ತೆ ಬರೆಯಬೇಕು.

ಮತ್ತೆ ಬರೆಯುವುದು ಹೇಗೆ? ಪ್ರಬಂಧಕ್ಕೆ ಕೂರುವ ಮೊದಲು ಹತ್ತು ನಿಮಿಷ ತಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು ಮಾತ್ರ ಹತ್ತು ತುಣುಕು ಬರೆದುಕೊಳ್ಳಲಿ, ತನಗೆ ಬಂದ ಮಾತಿನಲ್ಲೇ. ಎಳ್ಳ ಅಮಾವಾಸ್ಯೆಯ ಬಗ್ಗೆಯಾದರೆ ಅವಳ ಕಚ್ಚಾ ಪ್ರತಿ ಹೀಗೆ ಬರಬಹುದು:

‘ಮುತ್ಯಾ ಎತ್ತಿನ ಕೋಡಿಗೆ ಬಣ್ಣ ಹಚ್ಚಿದ. ಎಲ್ಲಾರೂ ಬಂಡ್ಯಾಗ ಕುಂತು ಹೊಲಕ್ಕ ಹೋದ್ವಿ. ಬನ್ನಿ ಗಿಡದ ಬುಡಕ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜಿ ಮಾಡಿದ್ರು. ಅಪ್ಪ ಚರಗಾ ಚೆಲ್ಲಕೋಂತ ಮುಂದ ಹೋದ, ನಾ ತಂಬಗಿ ಹಿಡ್ಕೊಂಡು ನೀರು ಬಿಟಗೋಂತ ಹಿಂದ ಹೋದ್ನಿ.’

ಇಲ್ಲಿ ಹೆಸರು ಬದಲಿಸಿ ನೋಡಿ, ಒಂದು ಸಾಲೂ ದೀಪಾವಳಿಗೆ ಒಗ್ಗುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಇದಕ್ಕೆ ಕೆಂಪು ಗೆರೆ ಬೀಳುತ್ತದೆ, ಅದು ನಿಜ. ಗೆರೆ ಎಲ್ಲಿ ಬೀಳುತ್ತದೆ ಎಂದು ಎಣಿಸಿ: ಬಂಡ್ಯಾಗ, ಹೊಲಕ್ಕ, ಬುಡಕ, ಹೋದ್ವಿ, ಮಾಡಿದ್ರು, ಚೆಲ್ಲಕೋಂತ, ಹೋದ್ನಿ. ಹೆಚ್ಚಿನವೆಲ್ಲ ಮಾತಿನ ಬಾಲಗಳು. ಚರಗ (ಹೊಲಕ್ಕೆ ಚೆಲ್ಲುವ ನೈವೇದ್ಯ), ಬನ್ನಿ ಗಿಡ, ಮುತ್ಯಾ, ಸುಣ್ಣ ಹಚ್ಚಿದ ಐದು ಕಲ್ಲು, ಇವಕ್ಕೆ ಗೆರೆ ಬೀಳಬೇಕಾದ ಕಾರಣವೇ ಇಲ್ಲ. ಹಾಗಾಗಿ ಪದವನ್ನು ಉಳಿಸಿ, ಪ್ರತ್ಯಯವನ್ನು ತಿದ್ದುವುದು ಕೆಲಸ. ನಮ್ಮ ಕಡೆಯ ಮಕ್ಕಳಿಗೆ ನಾಲ್ಕು ಜಾಗ ನೋಡಿಕೊಂಡರೆ ಬಹುಪಾಲು ಮುಗಿಯಿತು. ಮನಿ, ಸಾಲಿ, ಪೂಜಿ ಎನ್ನುವಲ್ಲಿ ಕೊನೆಯ ಇಕಾರ ಬರಹದಲ್ಲಿ ಎಕಾರವಾಗುತ್ತದೆ: ಮನೆ, ಶಾಲೆ, ಪೂಜೆ. ಹೊಲಕ್ಕ, ಊರಿಗ, ಮುಂದ ಎನ್ನುವಲ್ಲಿ ಹೊಲಕ್ಕೆ, ಊರಿಗೆ, ಮುಂದೆ. ಬಂಡ್ಯಾಗ, ಮನ್ಯಾಗ ಎನ್ನುವಲ್ಲಿ ಬಂಡಿಯಲ್ಲಿ, ಮನೆಯಲ್ಲಿ. ಹೋದ್ವಿ, ಹೋದ್ನಿ, ಮಾಡಕೋಂತ ಎನ್ನುವಲ್ಲಿ ಹೋದೆವು, ಹೋದೆನು, ಮಾಡುತ್ತಾ. ಇಷ್ಟನ್ನು ಒಂದು ರಟ್ಟಿನ ಮೇಲೆ ಬರೆದು ಓದುವ ಜಾಗದಲ್ಲಿ ತೂಗುಹಾಕಿ. ಯಾರಾದರೂ ಮಾತಾಡಿದ್ದನ್ನು ಬರೆಯುವಾಗ ಮಾತ್ರ ಉದ್ಧರಣ ಚಿಹ್ನೆಯೊಳಗೆ ಆಡಿದ ಮಾತನ್ನೇ ಇಡಬಹುದು. ಅಜ್ಜಿಯ ಬಾಯಲ್ಲಿ ‘ಮಗಳೇ, ಬೇಗನೆ ಬಾ’ ಎಂದು ಹಾಕಿದರೆ ಅಜ್ಜಿಯೇ ಹೋಗಿಬಿಡುತ್ತಾಳೆ. ಅಪ್ಪ ಹೋದ, ಅಪ್ಪ ಹೋದರು, ಇದರಲ್ಲಿ ಯಾವುದು ಎಂಬ ಗೊಂದಲ ಬಹಳ ಮಕ್ಕಳಿಗಿದೆ. ನಮ್ಮಲ್ಲಿ ಏಕವಚನ ಸಲುಗೆಯದು, ತಪ್ಪಲ್ಲ. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಬೇಕು.

ತಿದ್ದುವಾಗ ಒಂದು ಕ್ರಮವಿದೆ, ಅದು ತಲೆಕೆಳಗಾದರೆ ಬರಹ ಸಾಯುತ್ತದೆ. ಬರೆದ ಕೂಡಲೇ ಕಾಗುಣಿತ ತಿದ್ದಲು ಕೂತರೆ ಮಗು ತನಗೆ ಬರೆಯಲು ಬರುವ ಪದಗಳನ್ನಷ್ಟೇ ಬಳಸಲು ಶುರು ಮಾಡುತ್ತದೆ. ‘ಚರಗ’ದ ಬದಲು ‘ಪೂಜೆ’ ಎಂದು ಬರೆದು ಮುಗಿಸುತ್ತದೆ. ಆದ್ದರಿಂದ ಮೊದಲ ಕಚ್ಚಾ ಪ್ರತಿ ಬರೆದು ಎರಡು ದಿನ ಬಿಡಿ. ಆಮೇಲೆ ಮೊದಲ ಸುತ್ತಿನಲ್ಲಿ ಏನು ಬಿಟ್ಟುಹೋಗಿದೆ ಎಂದಷ್ಟೇ ನೋಡಬೇಕು. ಎರಡನೆಯ ಸುತ್ತಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ. ಪ್ರತ್ಯಯ, ಒತ್ತಕ್ಷರ, ಮಹಾಪ್ರಾಣ ಮೂರನೆಯ ಸುತ್ತಿಗೆ. ಮೊದಲ ಸುತ್ತು ನಿಮ್ಮದು. ಇದಕ್ಕೆ ಐದನೇ ತರಗತಿಯೂ ಬೇಕಿಲ್ಲ, ಕಿವಿ ಬೇಕು. ನೀವು ರೊಟ್ಟಿ ಬಡಿಯುವಾಗ ಅವಳು ಓದಲಿ. ತಿಳಿಯದ ಕಡೆ ನಿಲ್ಲಿಸಿ ‘ಆಮ್ಯಾಲೆ ಏನಾತು?’ ಎಂದು ಕೇಳಿ. ಮೇಲಿನ ಕಚ್ಚಾ ಪ್ರತಿಯಲ್ಲಿ ‘ನೀರು ಹೊಲದ ತುದಿತನಕ ಸಾಲಿತೇನ?’ ಎಂದು ನೀವು ಕೇಳಿದಿರಿ ಎಂದುಕೊಳ್ಳಿ. ಅದಕ್ಕೆ ಬರುವ ಉತ್ತರವೇ ಹೊಸ ಸಾಲಾಗುತ್ತದೆ:

‘ಅಪ್ಪ ಚರಗ ಚೆಲ್ಲುತ್ತಾ ಮುಂದೆ ಹೋದ. ನಾನು ತಂಬಿಗೆ ಹಿಡಿದು ನೀರು ಬಿಡುತ್ತಾ ಹಿಂದೆ ನಡೆದೆ. ಬದು ಬರುವ ಮೊದಲೇ ತಂಬಿಗೆ ಬರಿದಾಯಿತು. ಅಪ್ಪ ತಿರುಗಿ ನೋಡಲಿಲ್ಲ. ನಾನು ಬರಿ ತಂಬಿಗೆಯನ್ನೇ ಬಗ್ಗಿಸುತ್ತಾ ಬದುವಿನತನಕ ಹೋದೆ.’

ಮೊದಲಿನದಕ್ಕಿಂತ ಇದು ಒಳ್ಳೆಯದಾಗಿದ್ದು ದೊಡ್ಡ ಪದಗಳಿಂದಲ್ಲ. ಇಡೀ ಪ್ಯಾರಾದಲ್ಲಿ ಎಂಟನೇ ತರಗತಿಯ ಹುಡುಗಿಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. ಒಂದು ಪ್ರಶ್ನೆ ಕೇಳುವವರು ಇದ್ದರು, ಅಷ್ಟೇ ವ್ಯತ್ಯಾಸ.

ಕೆಂಪು ಗೆರೆಯನ್ನು ವೈರಿ ಮಾಡಿಕೊಳ್ಳದಿರಲಿ. ತಿದ್ದಿದ ಪದಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಸಾಲಿನಲ್ಲಿ ಬರೆಯಲಿ: ಎಡಕ್ಕೆ ತಾನು ಬರೆದದ್ದು, ಬಲಕ್ಕೆ ಸರಿಯಾದದ್ದು. ಒಂದೇ ಪದ ಮೂರು ಬೇರೆ ಬರಹಗಳಲ್ಲಿ ಸರಿ ಬಂದ ಮೇಲೆ ಅದನ್ನು ಹೊಡೆದುಹಾಕಲಿ. ‘ಅಭಿವೃದ್ಧಿ’ಯನ್ನು ಐವತ್ತು ಸಲ ಬರೆಸುವುದಕ್ಕಿಂತ ಇದು ಬೇಗ ಹಿಡಿಯುತ್ತದೆ, ಏಕೆಂದರೆ ತಪ್ಪು ಮರುಕಳಿಸುವುದು ಸಾಲಿನ ನಡುವೆ, ಒಂಟಿ ಪದದಲ್ಲಲ್ಲ. ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಆಡುವ ಮಕ್ಕಳಿಗೂ ಇದೇ ಪುಟ ಕೆಲಸ ಮಾಡುತ್ತದೆ. ಅವರ ಕಡತದಲ್ಲಿ ಮನೆಮಾತಿನ ಒಂದು ಬರಹವೂ ಇರಲಿ.

ಓದಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕಳಿಸಿ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಭಾಗವಹಿಸಲಿ, ಬಹುಮಾನ ಬರದಿದ್ದರೂ ಗೊತ್ತಿಲ್ಲದವರ ಮುಂದೆ ತನ್ನ ಮಾತು ಇಡುವುದು ಬೇರೆಯೇ ಅಭ್ಯಾಸ.

ಬೆಳೆದದ್ದು ಹೇಗೆ ಗೊತ್ತಾಗಬೇಕು? ಜೂನ್‌ನಲ್ಲಿ ಶಾಲೆ ಶುರುವಾದ ವಾರ ಒಂದು ವಿಷಯ ಕೊಡಿ, ‘ನಮ್ಮೂರಿಗೆ ನೀರು ಬರುವ ದಾರಿ’ ಅನ್ನಿ. ಕೃಷ್ಣೆಯ ಹಿನ್ನೀರು, ಕಾಲುವೆಯ ಸರದಿ, ನಳದ ಮುಂದಿನ ಕೊಡಗಳ ಸಾಲು, ನಿಮ್ಮ ತಾಲ್ಲೂಕಿನ ಹುಡುಗಿಗೆ ಇದರಲ್ಲಿ ಕಂಡದ್ದು ಬೇಕಾದಷ್ಟಿದೆ. ಬರೆದದ್ದನ್ನು ಟ್ರಂಕಿಗೆ ಹಾಕಿ ಬೀಗ ಹಾಕಿ. ಮಾರ್ಚ್‌ನಲ್ಲಿ ಪರೀಕ್ಷೆಯ ಮೊದಲು ಅದನ್ನು ತೋರಿಸದೆ ಅದೇ ವಿಷಯವನ್ನು ಮತ್ತೆ ಬರೆಸಿ. ಏಪ್ರಿಲ್ ಸೂಟಿಯಲ್ಲಿ ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಹಾಸಿ, ಅವಳೇ ಎಣಿಸಲಿ: ಕಣ್ಣಾರೆ ಕಂಡ ಸಂಗತಿಗಳು ಎಷ್ಟು, ಹೆಸರು ಬದಲಿಸಿದರೂ ನಿಲ್ಲುವ ಸಾಲು ಎಷ್ಟು, ‘ಮತ್ತು’, ‘ಆಮೇಲೆ’ ಎಂದು ಶುರುವಾಗುವ ವಾಕ್ಯ ಎಷ್ಟು, ಹಳೆಯ ತಪ್ಪಿನ ಪುಟದ ಪದ ಎಷ್ಟು. ಅಕ್ಕನ ಮಗಳು, ಪಕ್ಕದ ಮನೆಯ ಹುಡುಗ ಯಾರೂ ಈ ಲೆಕ್ಕದೊಳಗೆ ಬರಬಾರದು. ಕೆಲವು ವರ್ಷ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಹೊಸ ಬಗೆಯ ವಾಕ್ಯ ಕಟ್ಟಲು ಶುರು ಮಾಡಿದ ವರ್ಷ ತಪ್ಪುಗಳು ಹೆಚ್ಚುವುದೂ ಉಂಟು. ಅದಕ್ಕೆ ಗಾಬರಿಯಾಗಬೇಡಿ, ಆ ತಪ್ಪುಗಳು ಹಳೆಯವೋ ಹೊಸವೋ ಎಂದಷ್ಟು ನೋಡಿ.

ಕೊನೆಗೆ, ರದ್ದಿಗೆ ಹೋದ ಆ ಪ್ರಬಂಧ. ಮೊದಲು ರದ್ದಿ ಅಂಗಡಿಯಲ್ಲಿ ಕೇಳಿ ನೋಡಿ. ಗಂಟು ಇನ್ನೂ ಬೇರೆ ಊರಿಗೆ ಸಾಗಿರದಿದ್ದರೆ ಸಿಗಬಹುದು. ಸಿಗದಿದ್ದರೆ ಈ ವಾರವೇ ನೆನಪಿನಿಂದ ಬರೆಯಲು ಕೂಡಿಸಿ. ಅಕ್ಕೋರು ಮೆಚ್ಚಿದ ಸಾಲು ಅವಳಿಗೆ ಬಾಯಿಪಾಠವೇ ಇರುತ್ತದೆ, ಅದರಿಂದ ಶುರು ಮಾಡಲಿ. ಮರೆತ ಕಡೆ ಜಾಗ ಬಿಟ್ಟು ಮುಂದೆ ಹೋಗಲಿ, ಬಿಟ್ಟ ಜಾಗವನ್ನು ಮರುದಿನ ತುಂಬಲಿ. ಮೇಲಿನ ಮೂಲೆಯಲ್ಲಿ ಇಂದಿನ ತಾರೀಖು ಹಾಕಿ, ಅದರ ಕೆಳಗೆ ‘ಎಂಟನೇ ತರಗತಿಯಲ್ಲಿ ಬರೆದದ್ದು ಕಳೆದಿದೆ, ಇದು ನೆನಪಿನಿಂದ ಬರೆದದ್ದು’ ಎಂದು ಬರೆದು ಸಹಿ ಮಾಡಲಿ. ಫೈಲಿನ ಮೊದಲ ಹಾಳೆ ಅದೇ ಆಗಲಿ.